ವಿಶಾಲಾಕ್ಷಿಯ ಕೊನೆಯ ಹರವು

ನನ್ನ ಮಗಳು ವಿಶಾಲಾಕ್ಷಿ ಹೋದ ಸುದ್ದಿ ಬಂದಾಗ ನಾನು ಬೆಳಗಿನ ಪೂಜೆ ಮುಗಿಸಿ, ಹಣೆಯ ವಿಭೂತಿ ಆರಲೆಂದು ದೇವರ ಮುಂದೆ ಕುಳಿತಿದ್ದೆ. ಬಸ್ಸಿನ ಕಂಡಕ್ಟರನೇ ಮನೆಯವರೆಗೆ ಬಂದಿದ್ದ. ಹೊಸಿಲಾಚೆ ನಿಂತು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ, "ಮೇಷ್ಟ್ರೇ, ಮೇಡಮ್ಮು ಕಿಟಕಿಗೆ ತಲೆ ಆನಿಸ್ಕೊಂಡು ಮಲಗವ್ರೆ ಅಂದ್ಕೊಂಡೆ. ಪಾಪ, ಸುಸ್ತಾಗಿರ್ಬೇಕು, ಎಬ್ಬಿಸೋದ್ಯಾಕೆ ಅಂತ ಸುಮ್ನಿದ್ದೆ. ಊರು ಬಂದ್ಮೇಲೆ ಕರುದ್ರೆ ಏಳ್ಲಿಲ್ಲ" ಅಂದ. ಹೊಳೆಯಾಚೆಯ ಹಳ್ಳಿಗಳಲ್ಲಿ ಮುದುಕ ಮುದುಕಿಯರಿಂದ ಜೋಗುಳ ಕೇಳಿ ಬರುತ್ತೇನೆಂದು ಅವಳು ಹೋಗಿದ್ದಳು. ಹೃದಯ ನಿಂತುಹೋಗಿತ್ತು ಎಂದು ಡಾಕ್ಟರು ಆಮೇಲೆ ಹೇಳಿದರು.

ಆಗ ನಾನು ಎದ್ದು ಬಾಗಿಲ ಕಡೆ ಓಡಿದೆ. ಆದರೆ ಪಡಸಾಲೆಯ ನಡುವೆ ಓಡಲಿಲ್ಲ. ಗೋಡೆಗೆ ಬೆನ್ನು ಸವರಿಕೊಂಡು ಬದಿಯಿಂದ ಓಡಿದೆ. ನಡುವೆ ಅವಳು ಸಾಮಾನು ಜೋಡಿಸಿಟ್ಟ ಹರವು ಇತ್ತು. ಆಮೇಲೆ ಬಂದ ನೆಂಟರೂ ನೆರೆಯವರೂ ಅಷ್ಟೆ. ಎದೆ ಬಡಿದುಕೊಂಡು ಅಳುತ್ತಾ ಬಂದ ಹೆಂಗಸರು ಹೊಸಿಲು ದಾಟಿದ ಕೂಡಲೇ ಸೀರೆಯ ನೆರಿಗೆ ಎತ್ತಿ ಹಿಡಿದು, ಗೋಡೆಯ ಪಕ್ಕದಲ್ಲೇ ಸಾಲಾಗಿ ನಡೆದು, ಅಡಿಗೆಮನೆ ಸೇರಿದ ಮೇಲೆ ಮತ್ತೆ ಅಳು ಮುಂದುವರಿಸಿದರು. ಮಗಳನ್ನು ಜಗಲಿಯ ಮೇಲೆ ಕೂರಿಸಿ ಪೂಜೆ ಮಾಡಿ, ಅಲ್ಲಿಂದಲೇ ಕರೆದುಕೊಂಡು ಹೋಗಿ ಮಣ್ಣು ಮಾಡಿದೆವು. ಸತ್ತವರ ಹರವನ್ನು ಹೆಣಕ್ಕಾಗಿಯೂ ಸರಿಸುವುದಿಲ್ಲ ಎಂಬುದು ನಮ್ಮೂರಿನಲ್ಲಿ ಹಸುಗೂಸಿಗೂ ಗೊತ್ತು.

ನಮ್ಮೂರಿನಲ್ಲಿ ಒಂದು ವಿಚಾರವನ್ನು ಒಬ್ಬರ ಹೆಸರಿನಲ್ಲಿ ಶಾಯಿಯಲ್ಲಿ ಒಮ್ಮೆ ಬರೆದರೆ ಮುಗಿಯಿತು. ಅದನ್ನು ತಿದ್ದುವಂತಿಲ್ಲ, ಹೊಡೆದುಹಾಕುವಂತಿಲ್ಲ, ಬೇರೆ ಹಾಳೆಯಲ್ಲಿ ಮತ್ತೊಮ್ಮೆ ಬರೆಯುವಂತೆಯೂ ಇಲ್ಲ. ಎರಡನೆಯ ಸಲ ಶಾಯಿ ಕಾಗದದ ಮೇಲೆ ನಿಲ್ಲದೆ, ಕೆಸುವಿನೆಲೆಯ ಮೇಲಿನ ನೀರಿನ ಹಾಗೆ ಜಾರಿಹೋಗುತ್ತದೆ. ನನ್ನ ಸೋದರಮಾವನ ಲಗ್ನಪತ್ರಿಕೆಯಲ್ಲಿ ಅವನ ಹೆಸರು ಸೋಮಶೇಖರ ಎನ್ನುವ ಬದಲು ಚಂದ್ರಶೇಖರ ಎಂದು ಬಿದ್ದಿತು. ಅವನು ಚಂದ್ರಶೇಖರನಾಗಿಯೇ ತಾಳಿ ಕಟ್ಟಿ, ಚಂದ್ರಶೇಖರನಾಗಿಯೇ ಮೊಮ್ಮಕ್ಕಳನ್ನು ಕಂಡ. "ದೇವರು ಒಬ್ಬನೇ, ಹೆಸರು ಯಾವುದಾದರೇನು" ಎಂದು ಅತ್ತೆ ಸಮಾಧಾನ ಹೇಳುತ್ತಿದ್ದಳು. ಶಾಲೆಯಲ್ಲಿ ನಾನು ಪಾಠ ಹೇಳುತ್ತಿದ್ದಾಗ ಮಕ್ಕಳು ಪರೀಕ್ಷೆಗೆ ಪೆನ್ನಿಗಿಂತ ಮೊದಲು ಹುಣಿಸೆಬೀಜದ ಚೀಲ ತರುತ್ತಿದ್ದರು. ಒಂದೊಂದು ಅಂಶಕ್ಕೆ ಒಂದೊಂದು ಬೀಜ. ಅದನ್ನು ಹಲಗೆಯ ಮೇಲೆ ಹಿಂದೆ ಮುಂದೆ ಜರುಗಿಸಿ, ಸರಿಯಾಯಿತೆನ್ನಿಸಿದ ಮೇಲೆ ಪೆನ್ನಿನ ಮುಚ್ಚಳ ತೆಗೆಯುತ್ತಿದ್ದರು.

ದೊಡ್ಡವರು ದೊಡ್ಡ ಪ್ರಬಂಧ ಬರೆಯುವಾಗ ಇದನ್ನೇ ನೆಲದ ಮೇಲೆ ಮಾಡುತ್ತಾರೆ. ಮನೆಯ ಸಾಮಾನುಗಳನ್ನು ಹರವುತ್ತಾರೆ, ಆದ್ದರಿಂದ ಅದು ಹರವು. ಬಾಗಿಲ ಹತ್ತಿರ ಒಂದು ಪಾತ್ರೆ, ಅದು ಪ್ರಶ್ನೆ. ಅಲ್ಲಿಂದ ಒಂದರ ಹಿಂದೆ ಒಂದಾಗಿ ಆಧಾರಗಳು. ನಡುವೆ ಒಂದು ಸೇರಿನಲ್ಲಿ ಹುರುಳಿಕಾಳು. ಹೇಳಬೇಕಾದ ಮುಖ್ಯ ಮಾತಿಗೆ ಹುರುಳನ್ನೇ ಇಡಬೇಕೆಂದು ಯಾರೋ ಹಿರಿಯರು ತಮಾಷೆಗೆ ಆರಂಭಿಸಿದ್ದು ಶಾಸ್ತ್ರವಾಗಿ ನಿಂತುಬಿಟ್ಟಿದೆ. ಬೇರೆಯವರು ಎತ್ತಬಹುದಾದ ಆಕ್ಷೇಪಣೆಗೆ ಗುಂಡುಕಲ್ಲು. ಹರವು ಸಿದ್ಧವಾದ ಮೇಲೆ ಒಬ್ಬರನ್ನು ಅಡ್ಡಗಾಲಿಗೆ ಕರೆಯುತ್ತಾರೆ. ಅವರು ಬಾಗಿಲಿನಿಂದ ಹೆಜ್ಜೆ ಹೆಜ್ಜೆಯಾಗಿ ನಡೆದು, ಒಂದರಿಂದ ಇನ್ನೊಂದಕ್ಕೆ ದಾರಿ ಕಾಣದ ಕಡೆ ಕಾಲು ಅಡ್ಡ ಇಟ್ಟು ನಿಲ್ಲುತ್ತಾರೆ. ಉತ್ತರ ಸಿಕ್ಕಿದರೆ "ಕಾಲು ತೆಗೆದೆ" ಅನ್ನುತ್ತಾರೆ. ಕೊನೆಯ ಕಾಲು ತೆಗೆಯುವವರೆಗೆ ಯಾರೂ ಶಾಯಿ ಮುಟ್ಟುವುದಿಲ್ಲ.

ಈ ಕೆಲಸದಲ್ಲಿ ನನ್ನ ಮಗಳಂಥವಳನ್ನು ನಾನು ಕಾಣೆ. ತಂದೆಯ ಬಾಯಲ್ಲಿ ಈ ಮಾತು ಶೋಭಿಸದು, ಆದರೂ ಇದ್ದದ್ದನ್ನು ಹೇಳಬೇಕು. ಅವಳು ನಮ್ಮೂರ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದಳು. ಈ ಹರವಿನ ಪ್ರಬಂಧವನ್ನು ಯೋಚಿಸಲು ಆರಂಭಿಸಿದಾಗ ಬಾಗಿಲಲ್ಲಿ ಬಚ್ಚಲಮನೆಯ ತಾಮ್ರದ ಹಂಡೆಯನ್ನೇ ತಂದಿಟ್ಟಳು. ನಮ್ಮೂರಿನ ಹಾಡುಗಳು ಎಂಬುದು ಆಗಿನ ವಿಷಯ. ನಾವು ಎರಡು ಹೊತ್ತೂ ತಣ್ಣೀರು ಸ್ನಾನ ಮಾಡಿದೆವು. ಸ್ವಲ್ಪ ಕಾಲದ ಮೇಲೆ ಹಂಡೆ ಹೋಗಿ ಬಿಂದಿಗೆ ಬಂತು: ಹೆಂಗಸರ ಹಾಡುಗಳು. ಆಮೇಲೆ ಚೊಂಬು: ಜೋಗುಳಗಳು. ಆ ಚೊಂಬನ್ನು ಕಂಡು ನಾನು, "ಇನ್ನು ಬರೆದುಬಿಡೇ ತಾಯಿ, ಎಷ್ಟು ದಿನ ಪಾತ್ರೆ ಜೋಡಿಸ್ತೀಯ" ಅಂದೆ.

"ಚೊಂಬೂ ಭಾರವೇ ಅಪ್ಪಾಜಿ. ಹೊತ್ಕೊಂಡು ದೂರ ನಡೆಯೋಕಾಗಲ್ಲ" ಅಂದಳು.

"ಹಾಗಾದ್ರೆ ಕೊನೇಗೆ ಚಮಚ ಇಡ್ತೀಯೇನು?"

"ಇಟ್ರೂ ಇಟ್ಟೆ. ಬರೆಯೋದು ಒಂದು ಮಧ್ಯಾಹ್ನದ ಕೆಲಸ. ಏನು ಬರೀಬೇಕು ಅಂತ ಗೊತ್ತಾಗೋದೇ ಕೆಲಸ."

ಕೊನೆಗೆ ಅಲ್ಲಿ ನಿಂತದ್ದು ಕೂಸಿಗೆ ಹಾಲು ಕುಡಿಸುವ ಒಳಲೆ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಪ್ರಶ್ನೆ: ನಮ್ಮೂರಿನ ಜೋಗುಳಗಳಲ್ಲಿ ತಂದೆ ಏಕೆ ಬರುವುದಿಲ್ಲ? ಇಷ್ಟು ಸಣ್ಣದಕ್ಕೆ ಇಷ್ಟು ಕಾಲವೇ ಎಂದು ಕಾಲೇಜಿನಲ್ಲಿ ಕೆಲವರು ನಕ್ಕರಂತೆ. ಅವಳು ನಗುವವರನ್ನೇ ಮನೆಗೆ ಕರೆದು ಕಾಫಿ ಕೊಟ್ಟು, "ಎಲ್ಲಿ ತಪ್ಪಿದೀನಿ ಹೇಳಿ" ಎಂದು ಕೇಳುತ್ತಿದ್ದಳು. ತನ್ನನ್ನು ಒಪ್ಪುವವರ ಹತ್ತಿರ ಅವಳಿಗೆ ಹೆಚ್ಚು ಮಾತಿರಲಿಲ್ಲ. ಒಪ್ಪದವರು ಬಂದರೆ ಮುಖ ಅರಳುತ್ತಿತ್ತು. ಒಂದು ಸಾಮಾನನ್ನು ಇಡುವ ಮುನ್ನ ಅದನ್ನು ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದಳು, ನಾನು ದೇವರಿಗೆ ಹೂವಿಡುವ ಮುನ್ನ ಬಾಡಿದ ಎಸಳು ನೋಡುವ ಹಾಗೆ. ನನ್ನ ಪೂಜೆಗಿಂತ ಅವಳದೇ ನಿಷ್ಠೆಯ ಪೂಜೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಹರವು ಪೂರ್ತಿಯಾಗಿದೆ, ಹೊಳೆಯಾಚೆ ಒಂದು ಸಲ ಕೇಳಿ ಬಂದರೆ ಅಡ್ಡಗಾಲಿನವರನ್ನು ಕರೆಯುವುದೊಂದೇ ಬಾಕಿ ಎಂದು ಹೊರಡುವಾಗ ಹೇಳಿದ್ದಳು. ನಡುವಿನ ಹುರುಳಿ ಏನು ಹೇಳುತ್ತದೆ ಎಂದು ಯಾರಿಗೂ ತಿಳಿಸಿರಲಿಲ್ಲ. ಮೊದಲೇ ಹೇಳಿದರೆ ನಡೆಯುವವರ ಕಾಲು ತಾನಾಗಿ ಅತ್ತ ಎಳೆಯುತ್ತದೆ ಎಂಬುದು ಅವಳ ಅಭಿಪ್ರಾಯ.

ಸತ್ತವರ ಹರವಿಗೆ ನಮ್ಮಲ್ಲಿ ಒಂದು ಕಟ್ಟಳೆ ಇದೆ. ತೀರಿಕೊಂಡವರ ಹೆಸರಿನಲ್ಲಿ ಮಾಡುವ ಗಣಾರಾಧನೆಯ ದಿನದೊಳಗೆ ಯಾರಾದರೂ ಅದನ್ನು ನಡೆದು, ಅರ್ಥ ಮಾಡಿಕೊಂಡು, ಸತ್ತವರ ಹೆಸರಿನಲ್ಲಿ ಬರೆಯಬೇಕು. ಇಲ್ಲವಾದರೆ ಎತ್ತಿಬಿಡಬೇಕು. ಎತ್ತಿದರೆ ಆ ವಿಚಾರ ಅವರ ಜೊತೆಯಲ್ಲೇ ಹೋಯಿತು. ತಪ್ಪಾಗಿ ಬರೆದರೆ ಅದಕ್ಕಿಂತ ಕಷ್ಟ: ಆ ತಪ್ಪೇ ಅವರ ಹೆಸರಿನಲ್ಲಿ ಉಳಿಯುತ್ತದೆ, ಸರಿಯಾದದ್ದನ್ನು ಬರೆಯಲು ಇನ್ನು ಯಾರಿಗೂ ಸಾಧ್ಯವಿಲ್ಲ. ಬರೆಯುವುದು ನಾನೇ ಎಂದು ಮಣ್ಣು ಮಾಡಿ ಬರುವಾಗಲೇ ಮನಸ್ಸಿನಲ್ಲಿ ನಿಶ್ಚಯಿಸಿದ್ದೆ.

ಮಣ್ಣಿಗೆ ಬಂದ ದೂರದ ನೆಂಟರು ಉಳಿದುಕೊಂಡಿದ್ದರು. ನನ್ನ ತಂಗಿ ಸಿದ್ದಗಂಗೆ ಅಡಿಗೆಯ ಹೊಣೆ ಹೊತ್ತಿದ್ದಳು. ಮರುದಿನ ಮಧ್ಯಾಹ್ನ ಎಲ್ಲರಿಗೂ ಮುದ್ದೆ, ಸಾರು ಬಡಿಸಿದಳು. ಸುದ್ದಿ ಬಂದಾಗಿನಿಂದ ಅನ್ನ ಕಾಣದ ನಾನೂ ಉಂಡೆ. ಸಾರು ಹದವಾಗಿತ್ತು. ಕೈ ತೊಳೆದು ಪಡಸಾಲೆಗೆ ಬಂದು ನೋಡುತ್ತೇನೆ, ಹರವಿನ ನಡುವೆ ಸೇರು ಬರಿದಾಗಿದೆ.

"ಗಂಗೆ, ಸಾರು ಯಾತರದ್ದು?" ಎಂದು ಕೇಳಿದೆ.

"ಹುರುಳೀದು ಕಣಣ್ಣ. ಯಾಕೆ, ಉಪ್ಪು ಮುಂದಾಗಿತ್ತಾ?"

"ಹುರುಳಿ ಎಲ್ಲಿತ್ತು?"

ಅವಳು ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ಸೇರನ್ನು ನೋಡಿದಳು, ನನ್ನನ್ನು ನೋಡಿದಳು, ಸೆರಗು ಬಾಯಿಗೆ ಒತ್ತಿಕೊಂಡು ಅಲ್ಲೇ ಕುಕ್ಕರಿಸಿದಳು. "ಕಣ್ಣಲ್ಲಿ ನೀರು ತುಂಬ್ಕೊಂಡಿತ್ತು ಕಣಣ್ಣ. ಡಬ್ಬ ಎಲ್ಲ ತಡಕಿದೆ, ಕಾಳು ಕಾಣ್ಲಿಲ್ಲ. ಇಲ್ಲಿ ಸೇರಲ್ಲಿತ್ತು, ಬಗ್ಗಿ ತುಂಬ್ಕೊಂಡು ಹೋದೆ. ಕಾಲಿಡಲಿಲ್ಲ ಅಣ್ಣ, ದೇವರಾಣೆ, ಒಂದು ಸಾಮಾನಿಗೂ ಕಾಲು ತಾಗಿಸ್ಲಿಲ್ಲ. ಕೈ ಹಾಕಿದ್ದು ತಿಳೀಲೇ ಇಲ್ಲ."

ಹುಟ್ಟಿದಾಗಿನಿಂದ ಹರವನ್ನು ತುಳಿಯಬೇಡ ಎಂದು ಮಾತ್ರ ಹೇಳಿಸಿಕೊಂಡವಳು, ಪಾಪ. ಊಟ ಮುಗಿಸಿ ಎಲೆಅಡಿಕೆ ಮೆಲ್ಲುತ್ತಿದ್ದ ನೆಂಟರಲ್ಲಿ ಒಬ್ಬರು ಹೊಟ್ಟೆಯ ಮೇಲಿನ ಕೈಯನ್ನು ಮೆಲ್ಲಗೆ ತೆಗೆದರು. ಮತ್ತೊಬ್ಬರು, "ಕಾಲೇಜಿನವರಿಗೆ ಸಿಗದ ಹುರುಳು ನಮಗೆ ಸಿಕ್ತು ಬಿಡಿ" ಎಂದು ನಗಿಸಲು ನೋಡಿ, ಯಾರೂ ನಗದಿದ್ದಾಗ ಎಲೆಅಡಿಕೆ ಉಗಿಯಲು ಎದ್ದು ಹೋದರು.

ಸೇರಿಗೆ ಬೇರೆ ಹುರುಳಿ ತುಂಬುವುದು ಕಷ್ಟವಲ್ಲ. ಆದರೆ ಹರವು ಹಾಕಿದವರೇ ತಮ್ಮ ಕೈಯಾರೆ ಇಟ್ಟಿದ್ದರೆ ಮಾತ್ರ ಸಾಮಾನಿಗೆ ಅರ್ಥ. ಅವಳು ಎಣಿಸಿ ಹಾಕಿದ್ದಳೋ, ನಡುವೆ ಬೇರೆ ಕಾಳು ಬೆರೆಸಿದ್ದಳೋ, ತಳದಲ್ಲಿ ಏನಾದರೂ ಇಟ್ಟಿದ್ದಳೋ, ಯಾರು ಬಲ್ಲರು? ಮುಖ್ಯ ಮಾತಿನ ಗುರುತೇ ಹೊಟ್ಟೆ ಸೇರಿತ್ತು. ಎತ್ತಿಬಿಡುವುದೇ ಮೇಲು ಎಂದು ಹಿರಿಯರು ಹೇಳಿದರು. ನಾನು ಒಪ್ಪದೆ ಓಂಕಾರಯ್ಯನವರಿಗೆ ಹೇಳಿಕಳುಹಿಸಿದೆ.

ಓಂಕಾರಯ್ಯನವರು ಅದೇ ಕಾಲೇಜಿನಲ್ಲಿ ಚರಿತ್ರೆಯ ಮೇಷ್ಟರು. ವಿಶಾಲಾಕ್ಷಿ ಏನು ಹೇಳಿದರೂ ಇಲ್ಲ ಎನ್ನುವುದು ಅವರ ಪದ್ಧತಿ. ಅವಳು ಪ್ರತಿಸಲವೂ ಅಡ್ಡಗಾಲಿಗೆ ಕರೆಯುತ್ತಿದ್ದದ್ದು ಅವರನ್ನೇ. ಬಂದವರು ನನ್ನ ಕೈ ಹಿಡಿದುಕೊಂಡರು. ಆಮೇಲೆ ಪಂಚೆ ಎತ್ತಿ ಕಟ್ಟಿ ಬಾಗಿಲ ಹತ್ತಿರ ಹೋದರು.

"ಮೇಷ್ಟ್ರೇ, ಸತ್ತವರ ಹರವು ಅಂತ ನಾನು ಸಡಿಲ ಬಿಡೋದಿಲ್ಲ" ಅಂದರು.

"ಬಿಟ್ಟರೆ ಅವಳೇ ಎದ್ದು ಬಂದು ಜಗಳ ಆಡ್ತಾಳೆ" ಅಂದೆ.

ಒಳಲೆಯಿಂದ ಹೊರಟರು. ಮುಂದೆ ಜೋಗುಳದಲ್ಲಿ ಬರುವವರೆಲ್ಲ ಸಾಲಾಗಿದ್ದರು. ಬೆಳ್ಳಿಯ ತಟ್ಟೆ ಚಂದಿರ, ಎಲೆಅಡಿಕೆ ಕುಟ್ಟುವ ಒರಳು ಅಜ್ಜಿ, ಸಂತೆಯ ಚೀಲ ಸೋದರಮಾವ. ಅವರ ನಂತರ ಒಂದು ದಿಂಬು. ದಿಂಬಿನಿಂದ ಮುಂದೆ ನೀಳವಾಗಿ ಒಂದು ತೆಂಗಿನ ನಾರಿನ ಹಗ್ಗ, ಹಗ್ಗದ ತುದಿಯಲ್ಲಿ ಬರಿದಾದ ಸೇರು. ಸೇರಿನ ಪಕ್ಕದಲ್ಲಿ ಒಂದು ದಪ್ಪ ಗುಂಡುಕಲ್ಲು.

ಓಂಕಾರಯ್ಯನವರು ಕಲ್ಲಿನ ಕಡೆ ಬೆರಳು ತೋರಿಸಿದರು. "ಇದು ನಾನೇ ಅಲ್ವಾ? ಜೋಗುಳದಲ್ಲಿ ತಂದೆ ಯಾಕಿಲ್ಲ ಅಂದ್ರೆ, ಆ ಹೊತ್ತಿಗೆ ಅವನು ಹೆಂಡದಂಗಡೀಲಿರ್ತಿದ್ದ, ಅಷ್ಟೇ ಕಣಮ್ಮ ಅಂತ ರೇಗಿಸ್ತಿದ್ದೆ. ಕಲ್ಲೂ ಸರಿಯಾದ್ದೇ ಆರಿಸಿದಾಳೆ, ನನ್ನ ತಲೆಯಷ್ಟೇ ಇದೆ."

ದಿಂಬಿನವರೆಗೆ ಅವರು ತಡೆಯಿಲ್ಲದೆ ಬಂದರು. ಹಗ್ಗದ ಹತ್ತಿರ ಕಾಲು ಅಡ್ಡ ಇಟ್ಟು ನಿಂತರು. "ದಿಂಬಿಗೂ ಹಗ್ಗಕ್ಕೂ ಏನು ಸಂಬಂಧ? ಹಗ್ಗ ತೊಟ್ಟಿಲಿನದು ಅಂತೀರಾ? ತೊಟ್ಟಿಲ ಹಗ್ಗಕ್ಕೆ ನಾರು ಹಾಕ್ತಾರಾ, ಕೂಸಿಗೆ ಚುಚ್ಚಲ್ವಾ? ಇಲ್ಲಿ ದಾರಿ ಇಲ್ಲ."

ನಾನು ಬಗ್ಗಿ ಹಗ್ಗವನ್ನು ನೋಡಿದೆ. ದಿಂಬಿನ ಕಡೆಯ ತುದಿ ಗಂಟು ಹಾಕಿದ್ದು, ಸೇರಿನ ಕಡೆಯದು ಬಿಡಿನಾರಾಗಿ ಹರಡಿತ್ತು. ಹೊಸೆಯುವುದನ್ನು ನಡುವೆ ನಿಲ್ಲಿಸಿದ ಹಗ್ಗ ಅದು. ನಮ್ಮ ಊರು ಹಿಂದೆ ಹಗ್ಗ ಹೊಸೆಯುವವರ ಊರು; ನಾನು ಮೇಷ್ಟರಾಗುವ ಮುನ್ನ ಅದನ್ನೇ ಮಾಡಿದವನು. ಗಂಟನ್ನು ರಾಟೆಗೆ ಸಿಕ್ಕಿಸಿ, ಸೊಂಟಕ್ಕೆ ನಾರು ಕಟ್ಟಿಕೊಂಡು, ನಾರು ಬಿಡುತ್ತಾ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡಬೇಕು. ಹಗ್ಗ ಕಂಡ ಮೇಲೆ ಮುಂದಕ್ಕೆ ನಡೆದರೆ ಹೇಗೆ? ನಾನು ದಿಂಬಿನ ಹತ್ತಿರ ನಿಂತು ಸೇರಿನ ಕಡೆ ಬೆನ್ನು ಮಾಡಿ, ಹಿಂದಕ್ಕೆ ಒಂದು ಹೆಜ್ಜೆ ಇಟ್ಟೆ. ಕಾಲು ಹಳೆಯ ಅಳತೆಯನ್ನು ಮರೆತಿರಲಿಲ್ಲ. ಹೆಜ್ಜೆಗೆ ಹಾಡು ಬೇಕು, ಹಾಡಿಲ್ಲದೆ ಹುರಿ ಸಮನಾಗಿ ಬರುವುದಿಲ್ಲ. ನನಗರಿಯದೆ ಬಾಯಿಗೆ ಬಂದದ್ದು ಹೀಗಿತ್ತು: "ಅಜ್ಜಿ ಅಟ್ಟದ ಮೇಲೆ, ಮಾವ ಸಂತೆಯ ದಾರಿ, ತಾಯಿ ಮಲಗವಳೆ ಒಳಮನೆಲಿ, ನನ ಕಂದ, ಚಂದಿರ ನಿಂತವನೆ ಅಂಗಳದಿ."

"ನಿಲ್ಲಿ, ನಿಲ್ಲಿ" ಅಂದರು ಓಂಕಾರಯ್ಯನವರು. "ಇದು ಜೋಗುಳ. ಹೆಂಗಸರ ಹಾಡು."

"ನಮ್ಮಪ್ಪ ಹಗ್ಗ ಹೊಸೀತಾ ಇದನ್ನೇ ಹಾಡ್ತಿದ್ದ. ನಾನೂ ಹಾಡಿದೀನಿ. ತೊಟ್ಟಿಲನ್ನ ರಾಟೆ ಹತ್ತಿರಾನೇ ಕಟ್ತಿದ್ವು."

"ತಾಯಿ ಮಲಗವ್ಳೆ ಅಂದ್ರಲ್ಲ, ಈ ದಿಂಬು ಅದೇ ಇರ್ಬೇಕು. ತಾಯಿ ಮಲಗಿದ್ರೆ ಹಾಡ್ತಿರೋರು ಯಾರು? ಅಜ್ಜಿ?"

"ಅಜ್ಜಿ ಅಟ್ಟದ ಮೇಲಿದಾಳೆ."

"ಮಾವ?"

"ಸಂತೆ ದಾರೀಲಿ."

"ಎಲ್ಲರೂ ಬಂದ್ರು. ನೀವು ಯಾರನ್ನ ಬಿಟ್ರಿ ಹಾಡಲ್ಲಿ?"

ನನ್ನ ಹಿಮ್ಮಡಿಗೆ ಸೇರು ತಾಗಿತ್ತು. "ನನ್ನನ್ನ" ಅಂದೆ. "ಹಾಡೋನು ನಾನಲ್ವಾ. ನಾನು ಅಲ್ಲೇ ಇದೀನಿ ಅಂತ ಕೂಸಿಗೆ ಗೊತ್ತು. ನನ್ನ ಹೆಸರು ಯಾಕೆ ಹೇಳ್ಲಿ?"

ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಸಿದ್ದಗಂಗೆ ಬಿಕ್ಕಿದಳು. ಓಂಕಾರಯ್ಯನವರು ಮಾತ್ರ ಕಾಲು ತೆಗೆಯಲಿಲ್ಲ. ಸೇರನ್ನೇ ನೋಡುತ್ತಾ ಮೆಲ್ಲಗೆ ಹೇಳಿದರು: "ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ. ಮಾತು ಚೆನ್ನಾಗಿದೆ. ಚೆನ್ನಾಗಿದೆ ಅನ್ನೋದೇ ನನಗೆ ಹೆದರಿಕೆ. ಇದು ಅವಳ ಹುರುಳೋ, ಮಗಳನ್ನ ಕಳ್ಕೊಂಡ ತಂದೆಯ ಹುರುಳೋ?"

ಕಪಾಳಕ್ಕೆ ಹೊಡೆದಂತಾಯಿತು. ಆದರೆ ಆ ಪ್ರಶ್ನೆ ನ್ಯಾಯವಾದದ್ದು. ಅವಳು ಬದುಕಿದ್ದರೂ ಅದನ್ನೇ ಕೇಳುತ್ತಿದ್ದಳು. ನನಗೆ ಸಮಾಧಾನ ಕೊಡುವ ಮಾತನ್ನು ಅವಳ ಹೆಸರಿನಲ್ಲಿ ಬರೆದುಬಿಟ್ಟರೆ, ಅವಳು ಇಷ್ಟು ಕಾಲ ಕಾದು ಕಂಡದ್ದು ಬೇರೆಯೇ ಆಗಿದ್ದರೆ, ಅದು ಎಂದೆಂದಿಗೂ ಮಣ್ಣುಪಾಲು. ಹರವಿನ ಸುತ್ತ ಒಂದು ಸುತ್ತು ಬಂದೆ.

ಕಿಟಕಿಯ ಕೆಳಗೆ ಮೊರ ಇತ್ತು. ಯೋಚನೆಗೆ ಬಂದು, ಇಟ್ಟು ನೋಡಿ, ಹೊಂದದೆ ಹೋದ ಸಾಮಾನನ್ನು ಹಾಕುವುದು ಮೊರಕ್ಕೆ. ಅಡ್ಡಗಾಲಿನವರು ಮೊರವನ್ನು ನೋಡುವುದಿಲ್ಲ. ತೂರಿದ ಜಳ್ಳನ್ನು ಯಾರು ನೋಡುತ್ತಾರೆ? ನಾನು ಮುಚ್ಚಿದ್ದ ಬಟ್ಟೆ ಸರಿಸಿದೆ. ಗೆಜ್ಜೆ, ಬೀಸುವ ಕಲ್ಲಿನ ಗೂಟ, ಒಂದು ಗಿಳಿ ಗೊಂಬೆ ಇದ್ದವು. ಅವುಗಳ ಕೆಳಗೆ ಒಂದು ತೊಟ್ಟಿಲ ಗಂಟೆ ಇತ್ತು. ವಿಶಾಲಾಕ್ಷಿಯ ತೊಟ್ಟಿಲಿಗೆ ನಾನು ಕಟ್ಟಿದ ಗಂಟೆ ಅದು. ನಾನು ಹಿಂದಕ್ಕೆ ನಡೆದಂತೆಲ್ಲ ಹಗ್ಗದ ಎಳೆತಕ್ಕೆ ತೊಟ್ಟಿಲು ತೂಗಿ ಗಂಟೆ ಅಲುಗಬೇಕೆಂದು, ನಾನೇ ನಾರಿನ ಎಳೆಯಿಂದ ಬಿಗಿದಿದ್ದೆ. ಆ ಎಳೆ ಇನ್ನೂ ಅದರ ಕೊರಳಲ್ಲಿತ್ತು.

ಓಂಕಾರಯ್ಯನವರಿಗೆ ತೋರಿಸಿ ವಿಷಯ ಹೇಳಿದೆ. ಅವರು ಗಂಟೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. "ಅಂದ್ರೆ ತಂದೆ ಹಾಡಿದ್ದು ಅನ್ನೋ ಕಡೆಗೇ ಅವಳ ಮನಸ್ಸು ಹೋಗಿತ್ತು. ಇದನ್ನೂ ಅಲ್ಲಿ ಇಟ್ಟು ನೋಡಿದಾಳೆ" ಅಂದರು. ಮತ್ತೆ ಸ್ವಲ್ಪ ಯೋಚಿಸಿ, "ಇಟ್ಟು ನೋಡಿ ತೆಗೆದುಬಿಟ್ಟಿದಾಳೆ. ತನ್ನ ಮನೆಯ ಮಾತು ಊರಿನ ಮಾತಿಗೆ ಸಾಕ್ಷಿಯಲ್ಲ ಅಂತ. ಎಂಥ ಹುಡುಗಿ ಮೇಷ್ಟ್ರೇ. ಇದನ್ನ ಹಿಡಿದು ಮೊರಕ್ಕೆ ಹಾಕೋವಾಗ ಅವಳ ಕೈಗೆ ಎಷ್ಟು ಕಷ್ಟ ಆಗಿರ್ಬೇಕು" ಅಂದರು.

ಅವಳು ಹೊಳೆಯಾಚೆಗೆ ಹೋದದ್ದು ಏಕೆಂದು ಆಗ ಇಬ್ಬರಿಗೂ ತಿಳಿಯಿತು. ತನ್ನ ತಂದೆಯದಲ್ಲದ ದನಿಯಲ್ಲಿ ಆ ಹಾಡನ್ನು ಕೇಳಬೇಕಿತ್ತು. ನಮ್ಮೂರಿನ ಹಳೆಯ ಹಗ್ಗದವರು ಈಗ ಉಳಿದಿರುವುದು ಹೊಳೆಯಾಚೆಯ ಹಳ್ಳಿಗಳಲ್ಲೇ. ಮರುದಿನ ಓಂಕಾರಯ್ಯನವರು ತಾವೇ ಬಸ್ಸು ಹತ್ತಿ ಆ ಹಳ್ಳಿಗಳಿಗೆ ಹೋಗಿ ಸಂಜೆ ಮರಳಿ ಬಂದರು. ಒಬ್ಬ ಹಗ್ಗದ ಮುದುಕ, ಮತ್ತೊಬ್ಬ, ಇನ್ನೊಂದು ಕೇರಿಯಲ್ಲಿ ಇನ್ನಿಬ್ಬರು ಅದೇ ಹಾಡು ಹಾಡಿದರಂತೆ. ಮೇಡಮ್ಮು ಬಂದು ಕೇಳಿ ಹೋದರಲ್ಲ, ಮತ್ತೆ ಯಾಕೆ ಎಂದು ಅವರನ್ನೇ ರೇಗಿಸಿದರಂತೆ. ಇಷ್ಟು ಹೇಳಿ ಓಂಕಾರಯ್ಯನವರು ಚಪ್ಪಲಿ ಬಿಟ್ಟು ನೇರವಾಗಿ ಹರವಿನ ಹತ್ತಿರ ಬಂದು, ಗುಂಡುಕಲ್ಲನ್ನು ಎತ್ತಿ ಬಗಲಲ್ಲಿ ಇಟ್ಟುಕೊಂಡು, "ಕಾಲು ತೆಗೆದೆನಮ್ಮ" ಅಂದರು. ಅವರು ಹೇಳಿದ್ದು ನನಗಲ್ಲ.

ಗಣಾರಾಧನೆಯ ಹಿಂದಿನ ದಿನ ಸ್ನಾನ ಮಾಡಿ, ವಿಭೂತಿ ಧರಿಸಿ ಬರೆಯಲು ಕುಳಿತೆ. ಸಿದ್ದಗಂಗೆ ಬಾಗಿಲು ಕಾಯುತ್ತಾ, ಮಾತಾಡಿಸಲು ಬಂದವರನ್ನೆಲ್ಲ ಬೀದಿಯಲ್ಲೇ ತಡೆದಳು. ಒಳಲೆಯಿಂದ ಸೇರಿನವರೆಗೆ ಅವಳು ಇಟ್ಟ ಕ್ರಮದಲ್ಲೇ ನಡೆದೆ. ಹೇಳಬೇಕಾದದ್ದು ಕಾಲ ಕೆಳಗೇ ಇದ್ದುದರಿಂದ ಪೆನ್ನು ಎಲ್ಲಿಯೂ ತಡೆಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಂದು ಕಡೆ, ಅಪ್ಪ ಹಾಡುತ್ತಿದ್ದದ್ದು, ನಾನು ಹಾಡಿದ್ದು, ಆ ಗಂಟೆಯ ಸದ್ದಿಗೆ ಕೂಸು ಕಣ್ಣು ಮುಚ್ಚುತ್ತಿದ್ದದ್ದು ಎಲ್ಲವೂ ಒಟ್ಟಿಗೆ ನುಗ್ಗಿ ಬಂದು ಪೆನ್ನಿನ ಮೊನೆಯಲ್ಲಿ ನಿಂತವು. ಒಂದು ಸಾಲು ಬರೆದರೂ ಸಾಕಿತ್ತು, ಲೋಕ ಇರುವವರೆಗೆ ನಾನು ಅವಳ ಪ್ರಬಂಧದಲ್ಲಿ ಇರುತ್ತಿದ್ದೆ. ಪೆನ್ನು ಎತ್ತಿ ಹಿಡಿದು, ಆ ನೆನಪು ಹಾಯ್ದುಹೋಗುವವರೆಗೆ ಪಂಚಾಕ್ಷರಿ ಹೇಳಿಕೊಂಡೆ. ಆಮೇಲೆ ಮುಂದಿನ ಸಾಲಿಗೆ ಹೋದೆ. ಪ್ರಬಂಧದಲ್ಲಿ ಹೊಳೆಯಾಚೆಯ ಮುದುಕರಿದ್ದಾರೆ, ಚಂದಿರನಿದ್ದಾನೆ, ಮಲಗಿದ ತಾಯಂದಿರಿದ್ದಾರೆ, ಓಂಕಾರಯ್ಯನವರ ಹೆಂಡದಂಗಡಿಯೂ ಇದೆ. ನಾನಿಲ್ಲ. ಕೆಳಗೆ ಅವಳ ಹೆಸರು ಬರೆದು ಶಾಯಿ ಆರುವವರೆಗೆ ಕಾದೆ. ಒಂದು ಅಕ್ಷರವೂ ಜಾರಲಿಲ್ಲ.

ಶಿವನೇ, ನಿನ್ನಲ್ಲಿಗೆ ಬಂದಿರುವ ಈ ಮಗಳು ಅವಸರದವಳಲ್ಲ. ಒಂದು ಮಾತು ಆಡುವ ಮುನ್ನ ನೂರು ಸಲ ಇಟ್ಟು ತೆಗೆದು ನೋಡುವವಳು. ನಿನ್ನನ್ನೂ ಪ್ರಶ್ನೆ ಕೇಳಿಯಾಳು, ಸಹಿಸಿಕೊ. ದಾರಿಯಲ್ಲಿ ಒಬ್ಬಳೇ ಕಣ್ಣು ಮುಚ್ಚಿದಳು, ಬಹಳ ದಣಿದಿದ್ದಳು. ಎಬ್ಬಿಸಬೇಡ. ಅವಳ ನಿದ್ದೆಯನ್ನು ನಿನ್ನ ಕೈಗೆ ಒಪ್ಪಿಸಿದ್ದೇನೆ. ಅವಳಿಗೆ ಶಾಂತಿ ಕೊಡು ತಂದೆ, ಅವಳಿಗೆ ಶಾಂತಿ ಕೊಡು.